ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಯಾವ ವೈನ್? ಓದುಗರ ಪ್ರಶ್ನೆ, ನಮ್ಮ ಉತ್ತರ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. 1863ರಲ್ಲಿ ಲಿಂಕನ್ ನವೆಂಬರಿನ ಕೊನೆಯ ಗುರುವಾರ ಎಂದು ಘೋಷಿಸಿದ್ದ ಹಬ್ಬ ಇದು. ನಾಲ್ಕನೇ ಗುರುವಾರವೇ ಎಂದು ಕಾಯ್ದೆಯಾದದ್ದು 1941ರಲ್ಲಿ. ಅಲ್ಲಿನ ಕನ್ನಡ ಮನೆಗಳಲ್ಲಿ ಈಗ ಟರ್ಕಿ ಕೋಳಿಯ ಪಕ್ಕದಲ್ಲೇ ಬಿಸಿಬೇಳೆಬಾತು, ಪುಳಿಯೋಗರೆ, ಹೋಳಿಗೆಗಳೂ ಇರುತ್ತವೆ. ಈ ಎಲ್ಲದರ ಜೊತೆ ಯಾವ ವೈನ್ ಇಡಬೇಕೆಂದು ಕೇಳಿ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಕಳೆದ ವರ್ಷ ಹಬ್ಬಕ್ಕೆಂದು ದುಬಾರಿ ಕ್ಯಾಬರ್ನೆ ಸೊವಿನ್ಯೋ ತಂದೆವು. ಊಟಕ್ಕೆ ಮುಂಚೆ ಚೆನ್ನಾಗಿತ್ತು, ಟರ್ಕಿ ಜೊತೆ ಕುಡಿದರೆ ಕಹಿ. ವೈನ್ ಕೆಟ್ಟಿತ್ತೇ?
— ಎಡಿಸನ್, ನ್ಯೂಜೆರ್ಸಿ

ವೈನ್ ಕೆಟ್ಟಿರಲಿಲ್ಲ, ಜೋಡಿ ಹೊಂದಲಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಕೆಂಪು ವೈನಿಗೆ ಇಳಿಯುವ ಟ್ಯಾನಿನ್ನಿನ ರುಚಿಗೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ: ಒಗರು. ನೇರಳೆಹಣ್ಣು ತಿಂದಾಗ, ಎಳೆ ಅಡಿಕೆ ಜಗಿದಾಗ ಒಸಡು ಹಿಡಿದಂತಾಗುತ್ತದಲ್ಲ, ಅದೇ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುಗುಣವನ್ನು ಕಳೆಯುತ್ತದೆ. ಕೊಬ್ಬಿರುವ ಮಟನ್ ಅಥವಾ ಬೀಫ್ ಜೊತೆ ಆ ಒಗರು ಹಿತವಾಗಿ ಅಡಗಿಹೋಗುತ್ತದೆ. ಟರ್ಕಿಯ ಎದೆಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ, ಬೆಂದ ಮೇಲೆ ಒಣಗಲು. ಒಣಗಿದ ಬಾಯಿಯನ್ನು ಒಗರು ಇನ್ನಷ್ಟು ಒಣಗಿಸುತ್ತದೆ. ಮೇಲೆ ಕ್ರ್ಯಾನ್‌ಬೆರಿ ಸಾಸ್, ಹುಳಿಯ ಕೆಂಪು ಹಣ್ಣಿಗೆ ಸಕ್ಕರೆ ಹಾಕಿ ಮಾಡಿದ್ದು. ಬಾಯಲ್ಲಿ ಸಿಹಿ ಉಳಿದಿರುವಾಗ ಸಿಹಿಯಿಲ್ಲದ ವೈನ್ ಕುಡಿದರೆ ಅದರ ಹಣ್ಣಿನ ರುಚಿ ಮಾಯವಾಗಿ, ಹುಳಿಯೂ ಕಹಿಯೂ ಎದ್ದು ನಿಲ್ಲುತ್ತವೆ. ನಿಮಗೆ ಆದದ್ದು ಇದೇ.

ಈ ಊಟಕ್ಕೆ ವೈನ್ ಆರಿಸುವಾಗ ಟರ್ಕಿಯನ್ನು ನೋಡಬೇಡಿ. ಅದು ಸಪ್ಪೆ, ಒಗರೊಂದನ್ನು ಬಿಟ್ಟರೆ ಯಾವುದಕ್ಕೂ ಅಡ್ಡ ಬರುವುದಿಲ್ಲ. ಮೇಜಿನ ಮೇಲೆ ಅತಿ ಹುಳಿ ಯಾವುದು, ಅತಿ ಸಿಹಿ ಯಾವುದು, ಅತಿ ಖಾರ ಯಾವುದು ಎಂದು ನೋಡಿ, ಆ ಮೂರಕ್ಕೂ ತಡೆಯುವ ವೈನ್ ತನ್ನಿ. ಅಂದರೆ ಹುಳಿ ಚುರುಕಾಗಿರಬೇಕು, ಒಗರು ಕಡಿಮೆ ಇರಬೇಕು, ಆಲ್ಕೋಹಾಲು ಹಿತವಾಗಿರಬೇಕು. ಕ್ಯಾಬರ್ನೆ ಈಗಲೂ ಮನೆಯಲ್ಲಿದ್ದರೆ ಮಟನ್ ಮಾಡುವ ದಿನಕ್ಕೆ ಎತ್ತಿಡಿ. ಹಬ್ಬದ ದಿನ ತೆರೆಯಲೇಬೇಕೆಂದರೆ ಟರ್ಕಿಯ ತೊಡೆಮಾಂಸ, ಗ್ರೇವಿಗಳ ಜೊತೆ ಕೊಡಿ, ಕ್ರ್ಯಾನ್‌ಬೆರಿ ಬೇಡ.

ಅಂಗಡಿಯಲ್ಲಿ ನೂರಾರು ಬಾಟಲಿ. ಹೆಸರು ಹೇಳಿ ಕೇಳಲು ಅನುಕೂಲವಾಗುವಂತೆ ನಾಲ್ಕೈದು ಬಗೆ ತಿಳಿಸಿ.
— ಡಲ್ಲಾಸ್, ಟೆಕ್ಸಸ್

ಕೆಂಪಿನಲ್ಲಿ ಮೊದಲ ಹೆಸರು ಪಿನೋ ನುವಾರ್. ಸಿಪ್ಪೆ ತೆಳು, ಆದ್ದರಿಂದ ಒಗರು ಕಡಿಮೆ, ಹುಳಿ ಚೆನ್ನಾಗಿ. ಆರೆಗನ್ ರಾಜ್ಯದ ವಿಲಾಮೆಟ್ ಕಣಿವೆಯದ್ದು ಕೇಳಿ. ಅಮೆರಿಕದಲ್ಲಿ ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಹಾಕಲು ಆ ದ್ರಾಕ್ಷಿ ಶೇ 75 ಇದ್ದರೆ ಸಾಕು. ಆರೆಗನ್ನಿನಲ್ಲಿ ಪಿನೋ ನುವಾರ್‌ಗೆ ಶೇ 90 ಇರಲೇಬೇಕು. ತೀರಾ ಅಗ್ಗದ ಪಿನೋಗಳು ಕೆಲವೊಮ್ಮೆ ಗಾಢ ಬಣ್ಣ, ಜಾಮಿನಂಥ ಸಿಹಿಯಿಂದ ಕೂಡಿರುವುದು ಉಳಿದ ಕಾಲು ಭಾಗದಲ್ಲಿ ಬೇರೆ ದ್ರಾಕ್ಷಿ ಸೇರುವುದರಿಂದ.

ಎರಡನೆಯದು ಗಾಮೇ ದ್ರಾಕ್ಷಿಯ ಫ್ರೆಂಚ್ ವೈನ್ ಬೋಜೊಲೇ. ಇದರಲ್ಲೇ ನೂವೋ ಎಂಬ ಹೊಸ ವೈನ್ ಪ್ರತಿವರ್ಷ ನವೆಂಬರಿನ ಮೂರನೇ ಗುರುವಾರ ಬಿಡುಗಡೆಯಾಗುತ್ತದೆ, ಹಬ್ಬಕ್ಕೆ ಸರಿಯಾಗಿ ಒಂದು ವಾರ ಮೊದಲು. ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಹುದುಗಿಸುವುದರಿಂದ ಒಗರು ಇಳಿಯುವುದೇ ಅಪರೂಪ. ಕ್ರ್ಯಾನ್‌ಬೆರಿಗೆ ಬಹಳ ಚೆನ್ನ. ಆದರೆ ಅದು ಕೆಲವೇ ತಿಂಗಳ ವೈನ್. ಹೋದ ವರ್ಷದ ನೂವೋ ರಿಯಾಯಿತಿಗೆ ಇಟ್ಟಿದ್ದರೆ ಮುಟ್ಟಬೇಡಿ. ಇನ್ನೂ ಸ್ವಲ್ಪ ಗಟ್ಟಿ ಬೇಕೆಂದರೆ ಮೋರ್ಗೋನ್ ಅಥವಾ ಫ್ಲೂರಿ ಎಂದು ಊರಿನ ಹೆಸರಿರುವ ಬೋಜೊಲೇ ಕೇಳಿ. ನಮ್ಮ ಮಟ್ಟಿಗೆ ಈ ಊಟಕ್ಕೆ ಅದಕ್ಕಿಂತ ಒಳ್ಳೆಯ ಕೆಂಪು ವೈನ್ ಇಲ್ಲ.

ಬಿಳಿಯಲ್ಲಿ ರೀಸ್ಲಿಂಗ್. ನ್ಯೂಯಾರ್ಕಿನ ಫಿಂಗರ್ ಲೇಕ್ಸ್ ಅಥವಾ ವಾಷಿಂಗ್ಟನ್ ರಾಜ್ಯದ್ದು. ಇದರ ವಿಚಾರ ಮುಂದೆ ಬಿಸಿಬೇಳೆಬಾತಿನ ಪ್ರಶ್ನೆಯಲ್ಲಿ ವಿವರವಾಗಿ ಬರುತ್ತದೆ.

ಜಿನ್ಫಂಡೆಲ್ ಎಂಬ ಕೆಂಪು ವೈನನ್ನು ಅಮೆರಿಕದವರು ತಮ್ಮದೇ ದ್ರಾಕ್ಷಿ ಎಂದು ಈ ಹಬ್ಬಕ್ಕೆ ತರುತ್ತಾರೆ. ಅದರ ಮೂಲ ಕ್ರೊಯೇಷಿಯ ಎಂದು ಡಿಎನ್ಎ ಪರೀಕ್ಷೆಯಿಂದ ಸಿದ್ಧವಾಗಿದೆ. ಹಣ್ಣಿನ ರುಚಿ ಧಾರಾಳ, ಟರ್ಕಿಗೆ ಹೊಂದುತ್ತದೆ; ಆದರೆ ಆಲ್ಕೋಹಾಲು ಅನೇಕ ಸಲ ಶೇ 15ರ ಆಸುಪಾಸು. ಖಾರದ ಅಡುಗೆ ಇರುವ ಮನೆಗೆ ಅದು ಬೇಡ.

ಊಟಕ್ಕೆ ಮುಂಚೆ ಎಲ್ಲರ ಕೈಗೂ ಕೊಡಲು ಗುಳ್ಳೆಯ (ಸ್ಪಾರ್ಕ್ಲಿಂಗ್) ವೈನ್ ಒಂದಿರಲಿ. ಲೇಬಲ್ ಮೇಲೆ 'ಬ್ರೂಟ್' ಎಂದಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಎಂದಿದ್ದರೆ 12ರಿಂದ 17 ಗ್ರಾಂ. ಹೆಸರು ಕೇಳಿದರೆ ಇದೇ ಕಡಿಮೆ ಸಿಹಿ ಅನಿಸುತ್ತದೆ, ನಿಜದಲ್ಲಿ ಬ್ರೂಟ್‌ಗಿಂತ ಸಿಹಿ. ಕರಿದ ತಿಂಡಿ, ಮದ್ದೂರು ವಡೆ ಇಟ್ಟರೆ ಬ್ರೂಟ್ ಒಳ್ಳೆಯದು: ಗುಳ್ಳೆ ಮತ್ತು ಹುಳಿ ಸೇರಿ ನಾಲಿಗೆಯ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತವೆ.

ನಮ್ಮದು ಪೂರ್ತಿ ಸಸ್ಯಾಹಾರಿ ಊಟ. ಬಿಸಿಬೇಳೆಬಾತು, ಪುಳಿಯೋಗರೆಗೆ ಯಾವ ವೈನ್? ವೈನಿಗೆ ಮೀನು, ಮೊಟ್ಟೆ ಹಾಕುತ್ತಾರೆ ಎಂಬುದು ನಿಜವೇ?
— ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಎರಡನೆಯದಕ್ಕೆ ಮೊದಲು ಉತ್ತರ: ನಿಜ, ಆದರೆ ಎಲ್ಲ ವೈನಿಗೂ ಅಲ್ಲ. ಹೊಸ ವೈನ್ ಮಬ್ಬಾಗಿರುತ್ತದೆ. ಅದನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್, ಜೆಲಟಿನ್, ಮೊಟ್ಟೆಯ ಬಿಳಿ, ಹಾಲಿನ ಕೇಸೀನ್ ಇವುಗಳಲ್ಲಿ ಯಾವುದಾದರೊಂದನ್ನು ಬಳಸುವ ರೂಢಿ ಇದೆ. ಇವು ಮಬ್ಬಿನ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತವೆ, ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಬಳಸುವವರೂ ಬಹಳ ಮಂದಿ; ಅದರಲ್ಲಿ ಪ್ರಾಣಿಜನ್ಯವಾದದ್ದು ಏನೂ ಇಲ್ಲ. ಯಾವುದನ್ನು ಬಳಸಿದರೆಂದು ಲೇಬಲ್ ಮೇಲೆ ಬರೆಯುವ ಕಡ್ಡಾಯ ಅಮೆರಿಕದಲ್ಲಿ ಇಲ್ಲ. 'ವೀಗನ್' ಅಥವಾ 'ಅನ್‌ಫೈನ್ಡ್' (ಹೀಗೆ ಏನನ್ನೂ ಹಾಕಿ ತಿಳಿಗೊಳಿಸಿಲ್ಲ) ಎಂಬ ಮಾತು ಹುಡುಕಿ. 'ಅನ್‌ಫಿಲ್ಟರ್ಡ್' ಎಂದರೆ ಸೋಸಿಲ್ಲ ಎಂದಷ್ಟೇ ಅರ್ಥ, ಮೊಟ್ಟೆ ಹಾಕಿಲ್ಲವೆಂದಲ್ಲ. ಈ ಎರಡನ್ನು ಒಂದೇ ಎಂದು ತಿಳಿಯುವವರು ಬಹಳ.

ಈಗ ಬಿಸಿಬೇಳೆಬಾತು. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ವೈನಿನಿಂದ ತಣಿಯುವುದೂ ಇಲ್ಲ. ಆಲ್ಕೋಹಾಲು ಹೆಚ್ಚಿದ್ದಷ್ಟೂ ಉರಿ ಹೆಚ್ಚು, ಒಗರು ಸೇರಿದರೆ ಇನ್ನೂ ಒರಟು. ಉರಿ ತಣಿಸುವುದು ಸಿಹಿ. ಆದ್ದರಿಂದ ಶೇ 10ರಿಂದ 11.5 ಆಲ್ಕೋಹಾಲಿನ, ತುಸು ಸಿಹಿಯ ರೀಸ್ಲಿಂಗ್. ಅದರ ಚುರುಕು ಹುಳಿ ಹುಣಸೆಗೂ ಸಮನಾಗಿ ನಿಲ್ಲುತ್ತದೆ. ಮೇಲೆ ತುಪ್ಪ ಸುರಿದು ಬಡಿಸಿದರೆ ಜೋಡಿ ಇನ್ನೂ ಹಿತ. ಪುಳಿಯೋಗರೆಗೂ ಇದೇ ಸಾಕು. ಓಕ್ ಪೀಪಾಯಿಯಲ್ಲಿಟ್ಟ ಷಾರ್ಡನೇ ಎಂಬ ಬಿಳಿ ವೈನ್ ಮಾತ್ರ ತರಬೇಡಿ. ಒಣಮೆಣಸಿನಕಾಯಿ, ಮೆಂತ್ಯ, ಇಂಗು ಅದರ ಪೀಪಾಯಿಯ ರುಚಿಯನ್ನು ಕಹಿ ಮಾಡುತ್ತವೆ.

ಬಾಟಲಿ ತೆರೆಯದೆ ಸಿಹಿ ಎಷ್ಟೆಂದು ತಿಳಿಯಲು ಎರಡು ದಾರಿ. ಅನೇಕ ರೀಸ್ಲಿಂಗ್ ಬಾಟಲಿಗಳ ಹಿಂಬದಿಯಲ್ಲಿ 'ಡ್ರೈ'ಯಿಂದ 'ಸ್ವೀಟ್'ವರೆಗಿನ ಒಂದು ಪಟ್ಟಿ ಇರುತ್ತದೆ, ಅದರ ಮೇಲೊಂದು ಗುರುತು. ಪಟ್ಟಿ ಇಲ್ಲದಿದ್ದರೆ ಆಲ್ಕೋಹಾಲಿನ ಅಂಕಿ ನೋಡಿ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲು ಮಾಡುತ್ತದೆ. ರೀಸ್ಲಿಂಗ್ ಶೇ 9 ಅಥವಾ 10ಕ್ಕೆ ನಿಂತಿದ್ದರೆ ಸಾಮಾನ್ಯವಾಗಿ ತಿನ್ನದ ಸಕ್ಕರೆ ಉಳಿದಿದೆ ಎಂದರ್ಥ, ಶೇ 12.5ಕ್ಕಿಂತ ಮೇಲಿದ್ದರೆ ಬಹುಪಾಲು ತೀರಿದೆ.

ಕೋಸಂಬರಿಗೆ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಆಗುತ್ತದೆ. ಮೊಸರನ್ನ, ಉಪ್ಪಿನಕಾಯಿ ಬಂದಾಗ ವೈನ್ ಲೋಟ ಪಕ್ಕಕ್ಕಿಡಿ.

ಹಬ್ಬಕ್ಕೆ ಮುಂಚೆ ಸ್ನೇಹಿತರೆಲ್ಲ ಸೇರಿ ರುಚಿ ನೋಡಿ ಆರಿಸೋಣ ಎಂದುಕೊಂಡಿದ್ದೇವೆ. ಕ್ರಮವಾಗಿ ಮಾಡುವುದು ಹೇಗೆ?
— ಸಿಯಾಟಲ್, ವಾಷಿಂಗ್ಟನ್

ಎರಡು ವಾರ ಮೊದಲಿನ ಭಾನುವಾರ ಇಟ್ಟುಕೊಳ್ಳಿ. ಬೆಳಗ್ಗೆ 11ರ ಹೊತ್ತು ಒಳ್ಳೆಯದು, ಹಸಿವಿರುತ್ತದೆ, ನಾಲಿಗೆ ಚುರುಕಾಗಿರುತ್ತದೆ. ಆರು ಜನ, ನಾಲ್ಕು ವೈನ್. ಒಂದು ಬಾಟಲಿ 750 ಮಿಲಿ. ತಲಾ 50 ಮಿಲಿಯಂತೆ ಆರು ಜನಕ್ಕೆ ಒಂದು ಸುತ್ತಿಗೆ 300, ಎರಡು ಸುತ್ತಿಗೆ 600. ಉಳಿದ 150 ಮಿಲಿ ಮರುದಿನಕ್ಕೆ. ಆ ಮರುದಿನದ ಉಪಯೋಗ ಕೊನೆಯಲ್ಲಿ ಹೇಳುತ್ತೇವೆ.

ಮನೆಯಲ್ಲಿ ಅಂದು ಊದುಬತ್ತಿ ಹಚ್ಚಬೇಡಿ, ಇಂಗಿನ ಒಗ್ಗರಣೆ ಹಾಕಬೇಡಿ. ಸೆಂಟು, ಮುಡಿಗೆ ಮಲ್ಲಿಗೆ ಎರಡೂ ಬೇಡ. ವೈನಿನ ರುಚಿ ಎಂದು ನಾವು ಹೇಳುವುದರಲ್ಲಿ ಬಹುಪಾಲು ಮೂಗಿನದು. ಕೋಣೆಯ ವಾಸನೆ ಅದನ್ನು ಮುಚ್ಚಿಬಿಡುತ್ತದೆ. ಗ್ಲಾಸುಗಳು ಎಲ್ಲರಿಗೂ ಒಂದೇ ಬಗೆಯವಾಗಿರಲಿ, ಬಾಯಿ ತುಸು ಒಳಬಾಗಿರಲಿ. ಸಾಬೂನಿನ ವಾಸನೆ ಉಳಿಯದಂತೆ ಬರೀ ಬಿಸಿನೀರಿನಲ್ಲಿ ಇನ್ನೊಮ್ಮೆ ತೊಳೆದು ಕವುಚಿಡಿ.

ಒಬ್ಬರು ಬಾಟಲಿಗಳ ಕೊರಳಿನ ತಗಡಿನ ಹೊದಿಕೆಯನ್ನೂ ಕಿತ್ತು, ಕಂದು ಕಾಗದದ ಚೀಲಕ್ಕೆ ಇಳಿಸಿ, ರಬ್ಬರ್ ಬ್ಯಾಂಡ್ ಹಾಕಿ ನಂಬರು ಬರೆಯಲಿ. ಹೆಸರೂ ಬೆಲೆಯೂ ಕಂಡರೆ ನಾಲಿಗೆ ಅದನ್ನೇ ಒಪ್ಪುತ್ತದೆ. ಕ್ರಮ: ಮೊದಲು ಗುಳ್ಳೆಯದು, ಆಮೇಲೆ ಸಿಹಿಯಿಲ್ಲದ ಬಿಳಿ, ತುಸು ಸಿಹಿಯ ಬಿಳಿ, ಹಗುರ ಕೆಂಪು, ಕೊನೆಗೆ ಭಾರದ ಕೆಂಪು. ಭಾರದ್ದು ಮೊದಲಾದರೆ ಹಗುರದ್ದು ನೀರಿನಂತೆ ಕಾಣುತ್ತದೆ. ಹೋಲಿಸಬೇಕಾದವುಗಳ ತಣ್ಪು ಒಂದೇ ಇರಬೇಕು: ಒಂದು ಪಿನೋ ಫ್ರಿಜ್ಜಿನಿಂದ, ಇನ್ನೊಂದು ಕಪಾಟಿನಿಂದ ಬಂದರೆ ನೀವು ಹೋಲಿಸುವುದು ವೈನನ್ನಲ್ಲ.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ. ಅಲುಗಿಸದೆ ಒಮ್ಮೆ ಮೂಸಿ. ಆಮೇಲೆ ಗರಗರ ತಿರುಗಿಸಿ ಇನ್ನೊಮ್ಮೆ. ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಂಡು, ಮುಕ್ಕಳಿಸಿದಂತೆ ಎಲ್ಲ ಕಡೆ ಆಡಿಸಿ, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಎಳೆದು, ಉಗುಳುವ ಲೋಟಕ್ಕೆ ಉಗುಳಿ. ನಾಲ್ಕು ಸಂಗತಿ ಬರೆದುಕೊಳ್ಳಿ. ಹುಳಿ: ನಾಲಿಗೆಯ ಬದಿಗಳಲ್ಲಿ ನೀರೂರಿತೇ? ಒಗರು: ತುಟಿಯ ಒಳಭಾಗ ಮೇಲಿನ ಒಸಡಿಗೆ ಅಂಟಿತೇ? ಉರಿ: ಗಂಟಲಿಗೆ ಬಿಸಿ ತಾಗಿತೇ? ಘಮ: ಉಗುಳಿದ ಮೇಲೆ ಎಷ್ಟು ಸೆಕೆಂಡು ಉಳಿಯಿತು? ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತಾಡಬಾರದು. ಮೊದಲು ಬಾಯಿಬಿಟ್ಟವರ ಅಭಿಪ್ರಾಯವೇ ಮಿಕ್ಕವರ ನಾಲಿಗೆಗೂ ಬರುತ್ತದೆ.

ಎರಡನೇ ಸುತ್ತೇ ಮುಖ್ಯ. ಪ್ರತಿ ತಟ್ಟೆಯಲ್ಲಿ ಒಂದು ಚಮಚ ಕ್ರ್ಯಾನ್‌ಬೆರಿ ಸಾಸ್, ಒಂದು ತುಂಡು ರೋಸ್ಟ್ ಚಿಕನ್ ಅಥವಾ ಪನ್ನೀರು, ಒಂದು ಚಮಚ ಪುಳಿಯೋಗರೆ. ಒಂದು ತುತ್ತು, ಒಂದು ಗುಟುಕು. ಹೊಸದಾಗಿ ಅಂಕ ಹಾಕಿ. ನಡುವೆ ಬಾಯಿ ಸರಿಮಾಡಿಕೊಳ್ಳಲು ಬರೀ ಬ್ರೆಡ್ಡು, ನೀರು. ಚೀಸ್ ಬೇಡ, ಅದರ ಕೊಬ್ಬು ನಾಲಿಗೆಗೆ ಮೆತ್ತಿಕೊಂಡು ಎಲ್ಲ ವೈನೂ ಒಳ್ಳೆಯದೆನಿಸುತ್ತದೆ. ಮೊದಲ ಸುತ್ತಿನಲ್ಲಿ ಗೆದ್ದ ಭಾರದ, ಆಲ್ಕೋಹಾಲು ಹೆಚ್ಚಿರುವ ವೈನ್ ಇಲ್ಲಿ ಸೋಲುವುದು ಸಾಮಾನ್ಯ. ಬರಿದೇ ಕುಡಿದಾಗ ಹುಳಿ ಎನಿಸಿದ್ದು ಊಟದ ಜೊತೆ ಹಣ್ಣಿನಂತಾಗುತ್ತದೆ. ಎರಡನೇ ಸುತ್ತಿನ ಅಂಕವನ್ನೇ ನಂಬಿ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ರುಚಿ ನೋಡಿ. ಮರುದಿನವೂ ಚೆನ್ನಾಗಿರುವ ವೈನನ್ನು ಹಬ್ಬದ ಬೆಳಗ್ಗೆಯೇ ತೆರೆದಿಟ್ಟರೂ ಭಯವಿಲ್ಲ. ಕೊಳ್ಳುವಾಗ ಅದೇ ಹೆಸರು, ಅದೇ ವರ್ಷದ ಬಾಟಲಿಯೇ ಎಂದು ನೋಡಿಕೊಳ್ಳಿ.

ಹನ್ನೆರಡು ಜನ, ಅದರಲ್ಲಿ ಎಂಟು ಜನ ಕುಡಿಯುವವರು. ಎಷ್ಟು ಬಾಟಲಿ? ಯಾವುದನ್ನು ಎಷ್ಟು ತಣ್ಣಗೆ ಕೊಡಬೇಕು?
— ಬಾಸ್ಟನ್, ಮ್ಯಾಸಚೂಸೆಟ್ಸ್

ಬಾಟಲಿಗೆ 150 ಮಿಲಿಯ ಐದು ಗ್ಲಾಸು. ಮೂರು ಗಂಟೆಯ ಊಟಕ್ಕೆ ತಲಾ ಎರಡೂವರೆ ಗ್ಲಾಸಿನ ಲೆಕ್ಕದಲ್ಲಿ 20 ಗ್ಲಾಸು, ಅಂದರೆ ನಾಲ್ಕು ಬಾಟಲಿ: ಎರಡು ರೀಸ್ಲಿಂಗ್, ಎರಡು ಪಿನೋ ಅಥವಾ ಬೋಜೊಲೇ. ಮೊದಲಿಗೆ ಹಂಚಲು ಗುಳ್ಳೆಯದು ಒಂದು, ಎಂಟು ಜನಕ್ಕೆ ತಲಾ 90 ಮಿಲಿ ಬರುತ್ತದೆ. ಯಾವುದಾದರೂ ಕೆಟ್ಟಿದ್ದರೆ ಎಂದು ಇನ್ನೊಂದು ಕೆಂಪು. ಒಟ್ಟು ಆರು, ಹಲವು ಅಂಗಡಿಗಳಲ್ಲಿ ಆರಕ್ಕೆ ರಿಯಾಯಿತಿಯೂ ಉಂಟು. ಕುಡಿಯದ ನಾಲ್ವರಿಗೆ ಗುಳ್ಳೆಯ ಸೇಬಿನ ರಸವನ್ನು ಅದೇ ಗ್ಲಾಸುಗಳಲ್ಲಿ, ಅಷ್ಟೇ ತಣ್ಣಗೆ ಕೊಡಿ. ನಿಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಹಬ್ಬದ ದಿನ ವೈನ್ ಅಂಗಡಿ ತೆರೆಯುವುದಿಲ್ಲ; ಮಿನೆಸೋಟ, ಯೂಟಾಗಳಲ್ಲೂ ಹಾಗೆಯೇ. ಬುಧವಾರದೊಳಗೆ ತಂದಿಟ್ಟುಕೊಳ್ಳಿ.

ಗುಳ್ಳೆಯದಕ್ಕೆ 6ರಿಂದ 8 ಡಿಗ್ರಿ ಸೆಲ್ಸಿಯಸ್, ರೀಸ್ಲಿಂಗ್‌ಗೆ 8ರಿಂದ 10, ಪಿನೋ ಮತ್ತು ಬೋಜೊಲೇಗೆ 13ರಿಂದ 15. ಫ್ರಿಜ್ಜು ಸುಮಾರು 4 ಡಿಗ್ರಿ. ರೀಸ್ಲಿಂಗನ್ನು ಬಡಿಸುವ 20 ನಿಮಿಷ ಮೊದಲು ಹೊರಗೆ ತೆಗೆಯಿರಿ, ತೀರಾ ತಣ್ಣಗಿದ್ದರೆ ಘಮವೇ ಏಳುವುದಿಲ್ಲ. ಕೆಂಪು ವೈನ್ ಮನೆಯ ಬಿಸಿಗೆ ತಕ್ಕಂತೆ ಇರಲಿ ಎಂಬ ಹಳೆಯ ಮಾತು ಹೀಟರ್ ಇಲ್ಲದ ಕಾಲದ್ದು. ನವೆಂಬರಿನಲ್ಲಿ ನಿಮ್ಮ ಮನೆ 21–22 ಡಿಗ್ರಿ ಇರುತ್ತದೆ, ಆ ಬಿಸಿಯಲ್ಲಿ ಪಿನೋ ಸಪ್ಪೆಯಾಗಿ ಆಲ್ಕೋಹಾಲಷ್ಟೇ ಮೂಗಿಗೆ ಹೊಡೆಯುತ್ತದೆ. 40 ನಿಮಿಷ ಫ್ರಿಜ್ಜಿನಲ್ಲಿಡಿ. ಮರೆತಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು. 15–20 ನಿಮಿಷಕ್ಕೆ ಬಿಳಿ ವೈನ್ ಸಿದ್ಧ. ಬರೀ ಐಸು ಹಾಕಿದರೆ ಸಂದಿಯಲ್ಲೆಲ್ಲ ಗಾಳಿ, ತಣಿಯುವುದು ನಿಧಾನ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯಬಹುದು.

ಗುಳ್ಳೆಯ ಬಾಟಲಿಯ ತಂತಿಯನ್ನು ಆರು ಅರ್ಧಸುತ್ತು ಬಿಚ್ಚಿ, ಹೆಬ್ಬೆರಳು ಬಿರಡೆಯ ಮೇಲೆಯೇ ಇರಲಿ. ಬಾಟಲಿಯನ್ನು 45 ಡಿಗ್ರಿ ಓರೆಯಾಗಿ, ಯಾರ ಮುಖಕ್ಕೂ ತಿರುಗದಂತೆ ಹಿಡಿದು, ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಒಳಗೆ ಹೊರಗಿನ ಗಾಳಿಯ 5–6 ಪಟ್ಟು ಒತ್ತಡ ಇರಬಹುದು. ನೊರೆಯುಕ್ಕಿ ಅರ್ಧ ಬಾಟಲಿ ನೆಲಕ್ಕೆ ಹೋದರೆ ಸಾಕಷ್ಟು ತಣಿದಿರಲಿಲ್ಲ, ಇಲ್ಲವೇ ಕಾರಿನಲ್ಲಿ ಕುಲುಕಿತ್ತು ಎಂದೇ.

ತೆರೆದ ವೈನಿಗೆ ಮುಗ್ಗಲು ವಾಸನೆ. ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆಯೇ?
— ಕೇರಿ, ನಾರ್ತ್ ಕ್ಯಾರೊಲಿನಾ

ಮಳೆಗಾಲದಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆಯಿದ್ದರೆ ಹೋಗುವುದಿಲ್ಲ, ಹೊತ್ತು ಕಳೆದಂತೆ ಹೆಚ್ಚುತ್ತದೆ. ಅದು ಬಿರಡೆಯಿಂದ ಬರುವ ಟಿಸಿಎ ಎಂಬ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಾಗುತ್ತದೆ. ಆರೋಗ್ಯಕ್ಕೆ ಕೆಡುಕಿಲ್ಲ, ಘಮ ಮಾತ್ರ ಸತ್ತುಹೋಗಿರುತ್ತದೆ. ಬಿರಡೆ ಹಾಕಿ, ಉಳಿದದ್ದರ ಸಮೇತ ಅಂಗಡಿಗೆ ಕೊಟ್ಟು ಬದಲಿ ಕೇಳಿ. ಗೀರಿದ ಬೆಂಕಿಕಡ್ಡಿಯ ವಾಸನೆಯಾದರೆ ಅದು ಗಂಧಕದ್ದು. ಗ್ಲಾಸು ತಿರುಗಿಸಿ ಹತ್ತು ನಿಮಿಷ ಬಿಟ್ಟರೆ ಹೋಗುತ್ತದೆ. ತಳದಲ್ಲಿ ಕಲ್ಲುಸಕ್ಕರೆಯ ಚೂರಿನಂಥದ್ದು ಕಂಡರೆ ದ್ರಾಕ್ಷಿಯದೇ ಹುಳಿಯ ಹರಳು, ಗಾಜಲ್ಲ. ನಿಧಾನವಾಗಿ ಬಗ್ಗಿಸಿಕೊಂಡು ಕುಡಿಯಿರಿ.

ಹೋಳಿಗೆ, ಪಂಪ್ಕಿನ್ ಪೈ ಎರಡೂ ಇವೆ. ಕೊನೆಗೆ ಯಾವ ವೈನ್?
— ಷಿಕಾಗೊ

ಸಿಹಿತಿಂಡಿಗಿಂತ ವೈನ್ ಹೆಚ್ಚು ಸಿಹಿಯಾಗಿರಬೇಕು, ಇಲ್ಲದಿದ್ದರೆ ನಿಂಬೆರಸ ಕುಡಿದಂತಾಗುತ್ತದೆ. ಬೆಲ್ಲದ ಹೋಳಿಗೆಗೆ 'ಲೇಟ್ ಹಾರ್ವೆಸ್ಟ್' (ತಡವಾಗಿ ಕೊಯ್ದ ಸಿಹಿ ದ್ರಾಕ್ಷಿಯ) ರೀಸ್ಲಿಂಗಿನ 375 ಮಿಲಿ ಬಾಟಲಿ. 60 ಮಿಲಿಯಂತೆ ಆರು ಜನಕ್ಕೆ. ಚಕ್ಕೆ, ಲವಂಗ, ಜಾಯಿಕಾಯಿ ಹಾಕಿದ ಪಂಪ್ಕಿನ್ ಪೈಗೆ ಟಾನಿ ಪೋರ್ಟ್ ಎಂಬ ಗಟ್ಟಿ ಸಿಹಿ ವೈನ್.

ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿನ ರುಚಿ ಇಲ್ಲಿ ಸಿಗುತ್ತದೆಯೇ?
— ರಾಚೆಸ್ಟರ್, ನ್ಯೂಯಾರ್ಕ್

ನಿಮ್ಮ ಊರಿನ ಹತ್ತಿರವೇ ಇದೆ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆಂಗಳೂರು ಬ್ಲೂ ಅಮೆರಿಕ ಮೂಲದ ಲ್ಯಾಬ್ರುಸ್ಕಾ ವಂಶದ್ದು. ನ್ಯೂಯಾರ್ಕಿನಲ್ಲಿ ಬೆಳೆಯುವ ಕಾನ್ಕರ್ಡ್ ಅದರ ನೆಂಟ. ದ್ರಾಕ್ಷಿ ಜೆಲ್ಲಿಯ ಅದೇ ಘಮ. ಕಾನ್ಕರ್ಡ್ ವೈನ್ ಎಂದು ಕೇಳಿ ತಂದು, ಚೆನ್ನಾಗಿ ತಣಿಸಿ ಕ್ರ್ಯಾನ್‌ಬೆರಿ ಜೊತೆ ಕೊಡಿ.

ಮಗಳ ಮನೆಯಲ್ಲಿ ಹಬ್ಬ ಮುಗಿಸಿ ಬರುವಾಗ ವೈನ್ ತರಬಹುದೇ?
— ಮೈಸೂರು

ವಯಸ್ಕರೊಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. 750 ಮಿಲಿಯ ಎರಡು, 375ರದ್ದು ಒಂದು ತಂದರೆ 1.875 ಲೀಟರ್. ಕೈಚೀಲದಲ್ಲಿ ಬಿಡುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ನಟ್ಟನಡುವೆ ಇಡಿ. ಬಂದು ಒಂದು ವಾರ ಬಿಟ್ಟು ತೆರೆಯಿರಿ. ಗಣರಾಜ್ಯೋತ್ಸವಕ್ಕೆ ಎಂದಿದ್ದರೆ, ಜನವರಿ 26ರಂದು ನಮ್ಮಲ್ಲಿ ಮದ್ಯದಂಗಡಿ ಮುಚ್ಚಿರುತ್ತವೆ. ಕಡಿಮೆ ಬಿದ್ದರೆ ಅಂದು ಸಿಗುವುದಿಲ್ಲ.

ಊಟವಾಗಿ ಕಾರು ಓಡಿಸಿಕೊಂಡು ಹೋಗುವವರಿಗೆ ಎಷ್ಟು ಕೊಡಬಹುದು?
— ಸಾಲ್ಟ್ ಲೇಕ್ ಸಿಟಿ, ಯೂಟಾ

ಓಡಿಸುವವರಿಗೆ ಕೊಡಬೇಡಿ. ಬೇರೆ ರಾಜ್ಯಗಳಲ್ಲಿ ರಕ್ತದ ಆಲ್ಕೋಹಾಲಿನ ಮಿತಿ ಶೇ 0.08, ನಿಮ್ಮಲ್ಲಿ ಶೇ 0.05. ಅಮೆರಿಕದ ಲೆಕ್ಕದಲ್ಲಿ ಶೇ 12ರ ವೈನ್ 150 ಮಿಲಿ ಒಂದು ಡ್ರಿಂಕ್. ಶೇ 15ರ ಜಿನ್ಫಂಡೆಲ್ ಅಷ್ಟೇ ಕುಡಿದರೆ ಒಂದೂಕಾಲು. ಅದು ಇಳಿಯಲು ಡ್ರಿಂಕಿಗೆ ಸುಮಾರು ಒಂದು ಗಂಟೆ ಬೇಕು, ಕಾಫಿ ಕುಡಿದರೆ ಬೇಗ ಇಳಿಯುವುದಿಲ್ಲ. ಯಾರು ಓಡಿಸುತ್ತಾರೆಂದು ಗ್ಲಾಸು ತುಂಬುವ ಮೊದಲೇ ಕೇಳಿಕೊಳ್ಳಿ, ಉಳಿದುಕೊಳ್ಳುವವರಿಗೆ ಹಾಸಿಗೆ ತೆಗೆದಿಡಿ.

ಉಳಿದ ವೈನ್ ಎಷ್ಟು ದಿನ ಇರುತ್ತದೆ?
— ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ಕೆಂಪಾಗಲಿ ಬಿಳಿಯಾಗಲಿ ಫ್ರಿಜ್ಜಿನಲ್ಲಿ ಮೂರರಿಂದ ಐದು ದಿನ. ಕೆಡಿಸುವುದು ಬಾಟಲಿಯೊಳಗಿನ ಗಾಳಿ. ಅರ್ಧ ಉಳಿದಿದ್ದರೆ ತೊಳೆದ 375 ಮಿಲಿ ಬಾಟಲಿಗೆ ಕಂಠಪೂರ್ತಿ ತುಂಬಿ ಮುಚ್ಚಿಡಿ. ಗುಳ್ಳೆಯದಕ್ಕೆ ಕಚ್ಚಿಕೊಳ್ಳುವ ಮುಚ್ಚಳ ಬೇಕು, ಆದರೂ ಒಂದೆರಡು ದಿನವಷ್ಟೇ. ಹೋಳಿಗೆಗೆ ತೆರೆದ ಸಿಹಿ ರೀಸ್ಲಿಂಗ್ ಸಕ್ಕರೆಯ ದೆಸೆಯಿಂದ ಒಂದು ವಾರ ತಡೆಯುತ್ತದೆ. ಟಾನಿ ಪೋರ್ಟ್ ಒಂದು ತಿಂಗಳು.